ನಾಲ್ಕನೇ ಭಾಗ ಮುಗಿದ ಮೇಲೆ...

ಹೋದ ವಾರ ‘ಕಾಡಿನ ಕತೆಗಳು’ ಮುಗೀತು. ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ನಾಲ್ಕು ಭಾಗಗಳು. ಅಪ್ಪನಿಗೆ ಒಂದಾದ ಮೇಲೊಂದು ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಹೊತ್ತು ಹೋಗ್ಲಿ ಅಂತ ದಿನಾ ರಾತ್ರಿ ಊಟ ಆದ್ಮೇಲೆ ಓದಿ ಹೇಳೋಕೆ ಶುರು ಮಾಡಿದ್ದೆ. ಜಾಲಹಳ್ಳಿಯ ಚಿರತೆ ಕತೆ ಬಂದಾಗ “ಈಗ ಮೆಟ್ರೋ ನಿಲ್ಲುತ್ತಲ್ಲ, ಅದೇ ಜಾಲಹಳ್ಳೀನಾ?” ಅಂತ ಎದ್ದು ಕೂತಿದ್ರು!

ಮುಗಿದ ಮೇಲೆ ಶುರುವಾಯ್ತು ನೋಡಿ ಫಜೀತಿ. ಒಂದು ಪತ್ತೇದಾರಿ ಕಾದಂಬರಿ ತಂದೆ. ಎರಡೇ ಪುಟಕ್ಕೆ ಆಕಳಿಕೆ. ಯಾರದೋ ಆತ್ಮಕತೆ ತೆಗೆದೆ. “ಇವ್ನು ಬರೀ ತನ್ನನ್ನೇ ಹೊಗಳ್ಕೋತಾನೆ” ಅಂದ್ರು. ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕನೂ (ಅದೂ ತೇಜಸ್ವಿ ಅನುವಾದವೇ) ನಡೀಲಿಲ್ಲ. “ಚೆನ್ನಾಗಿದೆ, ಆದ್ರೆ ಈ ಕಾಡು ನಮ್ದಲ್ಲ” ಅಂತೆ. ಆಂಡರ್ಸನ್ ತೀರಿಕೊಂಡಿದ್ದು 1974ರಲ್ಲಿ, ತೇಜಸ್ವಿ 2007ರಲ್ಲಿ. ಐದನೇ ಭಾಗ ಎಲ್ಲಿಂದ ತರಲಿ?

ಈಗ ಅಪ್ಪನ ಕಣ್ಣು ಸರಿಯಾಗಿದೆ, ಪೇಪರ್ ತಾವೇ ಓದ್ತಾರೆ. ನಿಜ ಹೇಳ್ಬೇಕಂದ್ರೆ ಅವರಿಗಿಂತ ಚಡಪಡಿಕೆ ನನಗೇ ಜಾಸ್ತಿ. ನಾನು ಕೆಲಸಕ್ಕೆ ಸೇರಿದ ಮೇಲೆ ನಾವಿಬ್ರು ದಿನಾ ಒಂದು ಗಂಟೆ ಒಟ್ಟಿಗೆ ಕೂತಿದ್ದು ಇದೇ ಮೊದಲು.

ನಿನ್ನೆ ರಾತ್ರಿ ಸುಮ್ನೆ ಮೊದಲನೇ ಭಾಗ ಹಿಡ್ಕೊಂಡು ಹೋದೆ. “ಓದಿ ಆಯ್ತಲ್ಲೋ ಇದು?” ಅಂದ್ರು. ಸ್ವಲ್ಪ ಹೊತ್ತು ಬಿಟ್ಟು ಕನ್ನಡಕ ಹಾಕ್ಕೊಂಡು, “ಕೊಡಿಲ್ಲಿ, ಈ ಸಲ ನಾನು ಓದ್ತೀನಿ, ನೀನು ಕೇಳು” ಅಂದ್ರು.