ಮೋಡಗಳ ಪಾಠ

ಕಲೆಯನ್ನು ಗುರುಮುಖದಿಂದಲೇ ಕಲಿಯಬೇಕೆಂಬುದು ನಮ್ಮ ಹಿರಿಯರ ನಿಲುವು. ಸಂಗೀತಕ್ಕೆ ಈ ಮಾತು ಎಷ್ಟು ಸಲ್ಲುತ್ತದೆಯೋ ಚಿತ್ರಕಲೆಗೂ ಅಷ್ಟೇ ಸಲ್ಲುತ್ತದೆ. ಕುಂಚವನ್ನು ಹಿಡಿಯುವ ಬಗೆ, ಬಣ್ಣಕ್ಕೆ ಎಣ್ಣೆಯನ್ನು ಬೆರೆಸುವ ಹದ, ಎಲ್ಲಿ ಕೈಯನ್ನು ನಿಲ್ಲಿಸಬೇಕೆಂಬ ವಿವೇಕ ಇವು ಪುಸ್ತಕದಿಂದ ಬರುವಂಥವಲ್ಲ. ಆದರೆ ಅರವತ್ತು ದಾಟಿದವನನ್ನು ಶಿಷ್ಯನೆಂದು ಒಪ್ಪಿಕೊಳ್ಳುವ ಗುರು ಎಲ್ಲಿ ಸಿಗಬೇಕು? ನನಗೆ ಸಿಕ್ಕಿದ ಗುರು 1837ರಲ್ಲಿಯೇ ತೀರಿಕೊಂಡವನು. ಏಕಲವ್ಯನಿಗೆ ಮಣ್ಣಿನ ಮೂರ್ತಿಯೊಂದಿತ್ತು. ಆ ಮೂರ್ತಿ ಮಾತನಾಡುತ್ತಿರಲಿಲ್ಲ. ನನ್ನ ಗುರುವಿನ ಕೆಲಸವಾದರೋ ಕಣ್ಣಮುಂದೆ ಇತ್ತು, ಮತ್ತು ಅದು ಸಾಕಷ್ಟು ಮಾತನಾಡುತ್ತಿತ್ತು.

ಆತನ ಹೆಸರು ಜಾನ್ ಕಾನ್‌ಸ್ಟೆಬಲ್. ಹೆಸರನ್ನು ಕೇಳಿದೊಡನೆ ನಮ್ಮ ಕಡೆಯವರಿಗೆ ಪೊಲೀಸ್ ಠಾಣೆ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇಂಗ್ಲೆಂಡಿನ ಹೊಲ, ಹೊಳೆ, ಮರ, ಮುಗಿಲುಗಳನ್ನು ತೈಲವರ್ಣದಲ್ಲಿ ಬರೆದವರಲ್ಲಿ ಅವನಷ್ಟು ನಿಷ್ಠೆಯಿಂದ ದುಡಿದವರು ವಿರಳ.

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆಗಳನ್ನು ಬರೆದವನು. ಸೇತುವೆ, ಮೋರಿ, ಶಾಲೆಯ ಕಟ್ಟಡ ಇವೇ ನನ್ನ ಚಿತ್ರಗಳು. ನಿವೃತ್ತನಾದ ಮರುವರ್ಷವೇ ನನ್ನ ಮನೆಯಾಕೆ ತೀರಿಕೊಂಡಳು. ಬರಿದಾದ ಮನೆಯಲ್ಲಿ ಒಬ್ಬನೇ ಇರಬಾರದೆಂದು ಮಗ ನನ್ನನ್ನು ಲಂಡನ್ನಿಗೆ ಕರೆದೊಯ್ದ. ಮಗ ಸೊಸೆ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಟರೆ ಹಿಂದಿರುಗುವುದು ಕತ್ತಲೆಗೆ. ಅವರ ಮನೆ ಊರಿನ ಉತ್ತರಕ್ಕಿತ್ತು; ಅಲ್ಲಿಂದ ಅರ್ಧ ಗಂಟೆ ನಡೆದರೆ ಹ್ಯಾಂಪ್‌ಸ್ಟೆಡ್ಡಿನ ದಿಬ್ಬದ ಬಯಲು. ಹೊತ್ತು ಕಳೆಯುವುದಕ್ಕೆಂದು ನಾನು ತೈಲವರ್ಣದ ಪೆಟ್ಟಿಗೆಯೊಂದನ್ನು ಕೊಂಡುತಂದೆ. ಕಾನ್‌ಸ್ಟೆಬಲ್ಲನೂ ಇದೇ ದಿಬ್ಬದ ಮೇಲೆ ನಿಂತು ಬಣ್ಣ ಬಳಿದವನೆಂದು ತಿಳಿದದ್ದು ಆಮೇಲೆ.

ಅವನು 1776ರಲ್ಲಿ ಸಫೊಕ್ ಪ್ರಾಂತದ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ತಂದೆ ಹಿಟ್ಟಿನ ಗಿರಣಿಗಳ ಒಡೆಯ. ಹುಡುಗನೂ ಕೆಲಕಾಲ ಗಾಳಿಗಿರಣಿಯಲ್ಲಿ ದುಡಿದ. ಗಾಳಿಗಿರಣಿಯವನು ಆಕಾಶವನ್ನು ನೋಡದೆ ಬದುಕುವಂತಿಲ್ಲ. ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ, ಬಿರುಗಾಳಿ ಎಷ್ಟು ದೂರದಲ್ಲಿದೆ ಎಂಬುದನ್ನು ಮೋಡಗಳ ಬಣ್ಣದಿಂದಲೇ ಅರಿತು ರೆಕ್ಕೆಗಳನ್ನು ಹೊಂದಿಸಬೇಕು. ಇದನ್ನು ಓದಿದಾಗ ನನಗೆ ನನ್ನ ಮನೆಯಾಕೆ ನೆನಪಾದಳು. ಬೇಸಿಗೆಯಲ್ಲಿ ಸಂಡಿಗೆ ಇಡುವ ದಿನ ಅವಳು ತಾರಸಿಯ ಮೇಲೆ ನಿಂತು ಪಡುವಣ ದಿಕ್ಕನ್ನು ಒಮ್ಮೆ ನೋಡುತ್ತಿದ್ದಳು. ನನಗೆ ಬರಿಯ ಬಿಸಿಲು ಕಾಣುತ್ತಿದ್ದ ಕಡೆ ಅವಳಿಗೆ ಮತ್ತೇನೋ ಕಾಣುತ್ತಿತ್ತು. ‘ಇವತ್ತು ಬೇಡ, ಸಂಜೆಗೆ ಬರುತ್ತದೆ’ ಎಂದುಬಿಡುತ್ತಿದ್ದಳು. ಸಂಜೆಗೆ ಮಳೆ ಬಂದೇ ಬರುತ್ತಿತ್ತು. ಅವಳಿಗೆ ಅದನ್ನು ಯಾರು ಕಲಿಸಿದರೆಂದು ನಾನು ಎಂದೂ ಕೇಳಲಿಲ್ಲ.

ಗುರುವಿನ ಮೊದಲ ಪಾಠ ದೊರೆತದ್ದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ಅವನ ಮಗಳು ಇಸಬೆಲ್ 1888ರಲ್ಲಿ ತಂದೆಯ ನೂರಾರು ಕೃತಿಗಳನ್ನು ಆ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟಳು. ಅವುಗಳಲ್ಲಿ ಬಹುಪಾಲು ಅಂಗೈಯಗಲದಿಂದ ಮೊಳದಗಲದ ಕರಡುಚಿತ್ರಗಳು. ಪೂರ್ಣಗೊಂಡ ಚಿತ್ರ ತನ್ನ ಗುಟ್ಟನ್ನು ಮುಚ್ಚಿಕೊಳ್ಳುತ್ತದೆ, ಕರಡು ಬಿಟ್ಟುಕೊಡುತ್ತದೆ. ಹತ್ತಿರ ನಿಂತು ನೋಡಿದರೆ ಎಲೆಗಳ ನಡುವೆ, ಮೋಡದ ಅಂಚಿನಲ್ಲಿ, ನೀರಿನ ಬಳಿ ಕೆಂಪು ಬೆರೆತ ಕಂದುಬಣ್ಣ ಇಣುಕುತ್ತಿತ್ತು. ಅವನು ಬಿಳಿಯ ಹಲಗೆಯ ಮೇಲೆ ಬರೆಯುತ್ತಿರಲಿಲ್ಲ. ಮೊದಲು ಇಡೀ ಹಲಗೆಗೆ ಕಾವಿಯಂಥ ಬಣ್ಣವನ್ನು ಬಳಿದು ಒಣಗಿಸಿ, ಅದರ ಮೇಲೆ ಹಸುರನ್ನೂ ನೀಲಿಯನ್ನೂ ಇಡುತ್ತಿದ್ದ. ಹಸುರಿಗೆ ಕೆಂಪು ಎದುರುಬಣ್ಣ. ಕುಂಚದ ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಕೆಂಪು ಉಳಿದರೂ ಸಾಕು, ಹಸುರು ಮಿಡಿಯತೊಡಗುತ್ತದೆ. ನಾನು ಮನೆಗೆ ಬಂದು ಎರಡು ಹಲಗೆಗಳನ್ನು ಸಿದ್ಧಪಡಿಸಿದೆ. ಒಂದು ಬಿಳಿ, ಇನ್ನೊಂದು ಕಾವಿ. ಎರಡರ ಮೇಲೂ ಅದೇ ಮರವನ್ನು ಅದೇ ಬಣ್ಣಗಳಿಂದ ಬರೆದೆ. ಬಿಳಿಯ ಹಲಗೆಯ ಮರ ಕ್ಯಾಲೆಂಡರಿನ ಮರದಂತಿತ್ತು. ಕಾವಿಯ ಮೇಲಿನ ಮರದಲ್ಲಿ ಗಾಳಿಯಾಡುತ್ತಿತ್ತು. ಮಗನಿಗೆ ಕಾರಣವನ್ನು ಹೇಳದೆ ಎರಡನ್ನೂ ತೋರಿಸಿದೆ. ಅವನು ಕ್ಷಣವೂ ಯೋಚಿಸದೆ ಎರಡನೆಯದರತ್ತ ಬೆರಳು ತೋರಿದ.

ಹಸುರಿನ ಬಗ್ಗೆ ಇನ್ನೊಂದು ಮಾತನ್ನು ಹೇಳಬೇಕು. ಇಂದು ಅಂಗಡಿಯಲ್ಲಿ ಹತ್ತಾರು ಬಗೆಯ ಹಸುರು ಕೊಳವೆಗಳಲ್ಲಿ ದೊರೆಯುತ್ತದೆ. ಕಾನ್‌ಸ್ಟೆಬಲ್ಲನ ಕಾಲಕ್ಕೆ ಕೊಳವೆಯೇ ಇರಲಿಲ್ಲ; ತವರದ ಕೊಳವೆಗೆ ಹಕ್ಕುಪತ್ರ ದೊರೆತದ್ದು ಅವನು ಸತ್ತ ಮೇಲೆ, 1841ರಲ್ಲಿ. ಅಲ್ಲಿಯವರೆಗೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿ ಮಾರುತ್ತಿದ್ದರು. ಅವನು ನೀಲಿಗಳನ್ನೂ ಹಳದಿಗಳನ್ನೂ ಕಲಸಿ ತನಗೆ ಬೇಕಾದ ಹಸುರುಗಳನ್ನು ಪಡೆಯುತ್ತಿದ್ದ. ಒಂದೇ ಹುಲ್ಲುಗಾವಲಿನಲ್ಲಿ ಎಷ್ಟು ಬಗೆಯ ಹಸುರು! ಫ್ರಾನ್ಸಿನ ಹಿರಿಯ ಚಿತ್ರಕಾರ ದಲಾಕ್ರ್ವಾ ಇದನ್ನು ಗಮನಿಸಿ, ಕಾನ್‌ಸ್ಟೆಬಲ್ಲನ ಹುಲ್ಲುಗಾವಲು ಅಷ್ಟು ಸೊಗಸಾಗಿರುವುದು ಅದರಲ್ಲಿ ಅಸಂಖ್ಯ ಹಸುರುಗಳು ಬೆರೆಯದೆ ಒಂದರ ಪಕ್ಕದಲ್ಲೊಂದು ಕುಳಿತಿರುವುದರಿಂದ ಎಂಬ ಅರ್ಥದ ಮಾತನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಇಷ್ಟಾದರೂ ಆ ಕಾಲದ ರಸಿಕರಿಗೆ ಹಸುರೆಂದರೆ ಅಷ್ಟಕ್ಕಷ್ಟೆ. ಹಳೆಯ ಚಿತ್ರಗಳ ಮೆರುಗೆಣ್ಣೆ ಕಾಲಕ್ರಮದಲ್ಲಿ ಕಂದಾಗಿ, ನಿಸರ್ಗಚಿತ್ರವೆಂದರೆ ಕಂದಾಗಿರಬೇಕೆಂದೇ ಅವರು ಬಗೆದಿದ್ದರು. ಕಾನ್‌ಸ್ಟೆಬಲ್ಲನ ಹಿತೈಷಿಯಾದ ಸರ್ ಜಾರ್ಜ್ ಬೋಮಂಟ್ ಒಮ್ಮೆ ಹಳೆಯ ಪಿಟೀಲಿನ ಬಣ್ಣವೇ ಚಿತ್ರದ ಮೂಲವರ್ಣವಾಗಿರಬೇಕೆಂದು ಸಲಹೆ ಮಾಡಿದನಂತೆ. ಕಾನ್‌ಸ್ಟೆಬಲ್ ವಾದಕ್ಕೆ ನಿಲ್ಲಲಿಲ್ಲ. ಪಿಟೀಲೊಂದನ್ನು ತಂದು ಮನೆಯ ಮುಂದಿನ ಹಸುರು ಹುಲ್ಲಿನ ಮೇಲೆ ಇಟ್ಟನು, ಅಷ್ಟೆ. ಈ ಕಥೆಯನ್ನು ಹೇಳಿದವನು ಅವನ ಗೆಳೆಯನೂ ಚರಿತ್ರಕಾರನೂ ಆದ ಲೆಸ್ಲಿ. ಇದನ್ನು ಕೇಳಿ ಕಾನ್‌ಸ್ಟೆಬಲ್ ಹಿಂದಿನವರನ್ನು ತಿರಸ್ಕರಿಸಿದವನೆಂದು ತಿಳಿಯಬಾರದು. ಅದೇ ಬೋಮಂಟನ ಮನೆಯಲ್ಲಿ 1823ರಲ್ಲಿ ಅವನು ವಾರಗಟ್ಟಲೆ ಕುಳಿತು ಹದಿನೇಳನೆಯ ಶತಮಾನದ ಕ್ಲಾಡ್ ಎಂಬ ಚಿತ್ರಕಾರನ ಕೃತಿಗಳನ್ನು ನಕಲು ಮಾಡಿದ. ಆಗ ಅವನಿಗೆ ನಲವತ್ತೇಳು ವರ್ಷ. ತನ್ನ ಅತ್ಯಂತ ಹೆಸರಾದ ಚಿತ್ರವನ್ನು ಬರೆದು ಎರಡು ವರ್ಷಗಳಾಗಿದ್ದವು. ನನ್ನ ಗುರುವಿಗೂ ಸತ್ತುಹೋದ ಗುರುಗಳಿದ್ದರೆಂಬುದು ನನಗೆ ದೊಡ್ಡ ಸಮಾಧಾನ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೋಡಗಳು. ಮಡದಿ ಮರಿಯಾಳ ಆರೋಗ್ಯ ಸರಿಯಿಲ್ಲದ ಕಾರಣ ಅವನು 1819ರಿಂದ ಹ್ಯಾಂಪ್‌ಸ್ಟೆಡ್ಡಿನಲ್ಲಿ ಬಾಡಿಗೆಯ ಮನೆ ಹಿಡಿಯತೊಡಗಿದ್ದ. 1821 ಮತ್ತು 1822ರಲ್ಲಿ ಆ ದಿಬ್ಬದ ಮೇಲೆ ಬಣ್ಣದ ಪೆಟ್ಟಿಗೆಯನ್ನು ಇಟ್ಟುಕೊಂಡು ಆಕಾಶವನ್ನೇ ಬರೆದ. ಕೆಲವು ಚಿತ್ರಗಳಲ್ಲಿ ಮರದ ತುದಿಯೂ ಇಲ್ಲ, ಬರಿಯ ಮುಗಿಲು. ಒಂದೊಂದರ ಬೆನ್ನಿಗೂ ತಾರೀಖು, ಗಳಿಗೆ, ಗಾಳಿ ಬೀಸುತ್ತಿದ್ದ ದಿಕ್ಕು, ಆಮೇಲೆ ಮಳೆಯಾಯಿತೋ ಇಲ್ಲವೋ ಎಂಬ ವಿವರಗಳನ್ನು ಬರೆದಿಡುತ್ತಿದ್ದ. ಲ್ಯೂಕ್ ಹೋವರ್ಡ್ ಎಂಬ ಲಂಡನ್ನಿನ ಔಷಧ ವ್ಯಾಪಾರಿ 1802ರಲ್ಲಿ ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರಾಟಸ್ ಎಂಬ ಹೆಸರುಗಳನ್ನು ಕೊಟ್ಟಿದ್ದ. ಅವನ್ನು ವಿವರಿಸುವ ಫಾರ್‌ಸ್ಟರ್ ಎಂಬಾತನ ಪುಸ್ತಕವನ್ನು ಕಾನ್‌ಸ್ಟೆಬಲ್ ಕೊಂಡು, ಅಂಚಿನಲ್ಲಿ ಟಿಪ್ಪಣಿಗಳನ್ನು ಗೀಚಿ ಓದಿದ್ದ. ನಿಸರ್ಗಚಿತ್ರದಲ್ಲಿ ಆಕಾಶವು ಹಿಂದೆ ತೂಗುಬಿಟ್ಟ ಪರದೆಯಲ್ಲ, ಇಡೀ ಚಿತ್ರದ ಭಾವವನ್ನು ನಡೆಸುವುದು ಅದೇ ಎಂಬುದು ಅವನ ನಂಬಿಕೆ.

ನಾನೂ ಅದೇ ದಿಬ್ಬಕ್ಕೆ ಹೋದೆ. ಪೆಟ್ಟಿಗೆಯನ್ನು ಮೊಣಕಾಲ ಮೇಲಿರಿಸಿಕೊಂಡು, ಮುಚ್ಚಳಕ್ಕೆ ಹಲಗೆಯನ್ನು ಸಿಕ್ಕಿಸಿ ಕುಳಿತೆ. ಮೋಡ ನಿಲ್ಲುವುದಿಲ್ಲ. ಅದರ ಎಡಬದಿಯನ್ನು ಬರೆಯುವಷ್ಟರಲ್ಲಿ ಬಲಬದಿ ಇನ್ನೊಂದು ಮೋಡಕ್ಕೆ ಸೇರಿಹೋಗಿರುತ್ತದೆ. ಗುರುವಿನ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಬಂದ ಮೇಲೆ ಉಪಾಯ ಹೊಳೆಯಿತು. ಅವನು ಮೋಡದ ಬೆನ್ನುಹತ್ತುತ್ತಿರಲಿಲ್ಲ. ಒಂದು ಗಳಿಗೆಯ ಬೆಳಕನ್ನು ಮನಸ್ಸಿನಲ್ಲಿ ಹಿಡಿದು, ಮುಂದಿನ ಮೋಡಗಳನ್ನು ಸಾಕ್ಷಿಗಳಂತೆ ವಿಚಾರಿಸುತ್ತ ಬರೆಯುತ್ತಿದ್ದ. ನೀಲಿಯನ್ನು ತೆಳುವಾಗಿ ಉಜ್ಜಬೇಕು, ಕೆಳಗಿನ ಕಾವಿ ಅಲ್ಲಲ್ಲಿ ಉಸಿರಾಡಬೇಕು. ಬೆಳಕು ಬಿದ್ದ ಕಡೆ ಬಿಳಿಯನ್ನು ದಪ್ಪವಾಗಿ ಇಡಬೇಕು, ಅದರಲ್ಲಿ ಹಳದಿಯ ಸುಳಿವಿರಬೇಕು. ಮೋಡದ ಹೊಟ್ಟೆಯ ಬೂದುಬಣ್ಣಕ್ಕೆ ಕರಿಯನ್ನು ಮುಟ್ಟಬೇಕಾಗಿಲ್ಲ. ನೀಲಿಗೆ ಸುಟ್ಟ ಕಾವಿಯನ್ನು ಕಲಸಿ ಬಿಳಿಯಿಂದ ತಿಳಿಗೊಳಿಸಿದರೆ ಮಳೆಯನ್ನು ಹೊತ್ತ ಬೂದು ತಾನಾಗಿ ಬರುತ್ತದೆ. ಬಿಸಿಲಿನ ಕಡೆಯ ಅಂಚು ಗಟ್ಟಿ, ನೆರಳಿನ ಕಡೆಯದು ಕರಗಿದಂತೆ. ನಕ್ಷೆಗಾರನ ಕೈಗೆ ಈ ಕೊನೆಯದೇ ಕಷ್ಟ. ಜೀವಮಾನವೆಲ್ಲ ಎರಡು ಬದಿಗೂ ಒಂದೇ ದಪ್ಪದ ಗೆರೆ ಎಳೆದ ಕೈ ಅದು.

ಅಲ್ಲಿ ಕುಳಿತ ಗಂಟೆಗಳಲ್ಲಿ ನನಗೆ ಬೇರೆ ಯಾವ ಯೋಚನೆಯೂ ಬರುತ್ತಿರಲಿಲ್ಲ. ಆ ವರ್ಷ ಹಾಗೆ ಕಳೆದ ಗಂಟೆಗಳು ಬೇರೆ ಇರಲಿಲ್ಲ.

ಅವನ ಪ್ರಸಿದ್ಧ ಚಿತ್ರ ‘ಹೇ ವೇನ್’. ಬಂಡಿಯೊಂದು ಗಿರಣಿಯ ಬಳಿಯ ಹೊಳೆಯನ್ನು ದಾಟುತ್ತಿದೆ. ಎಡಕ್ಕೊಂದು ರೈತನ ಮನೆ. ಮೇಲೆ ವಿಶಾಲವಾದ ಆಕಾಶ. ಆರಡಿಗಿಂತ ಹೆಚ್ಚು ಅಗಲದ ಈ ಚಿತ್ರ 1821ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದಾಗ ಕೊಳ್ಳುವವರು ದೊರೆಯಲಿಲ್ಲ. 1824ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಚಿನ್ನದ ಪದಕ ಬಂತು. ಇದನ್ನು ಬರೆಯುವುದಕ್ಕೆ ಮೊದಲು ಅವನು ಅಷ್ಟೇ ದೊಡ್ಡ ಕ್ಯಾನ್ವಾಸಿನ ಮೇಲೆ ಒಂದು ಕರಡನ್ನು ಬರೆದ! ಆರಡಿಯ ಕರಡು ಎಂದರೆ ಯಾರೂ ನಂಬಲಾರರು. ಕರಡು ಇರುವುದು ನಾನು ಹೇಳಿದ ಮ್ಯೂಸಿಯಂನಲ್ಲಿ, ಪೂರ್ಣಚಿತ್ರ ನ್ಯಾಷನಲ್ ಗ್ಯಾಲರಿಯಲ್ಲಿ. ಬೆಳಗ್ಗೆ ಒಂದನ್ನು ನೋಡಿ, ನೆಲದಡಿಯ ರೈಲು ಹಿಡಿದು ಮಧ್ಯಾಹ್ನ ಇನ್ನೊಂದನ್ನು ನೋಡುವುದು ನನ್ನ ಅಭ್ಯಾಸವಾಯಿತು. ಕರಡಿನಲ್ಲಿ ದಡದ ನಾಯಿಯ ಪಕ್ಕ ಕುದುರೆಯ ಮೇಲೊಬ್ಬ ಸವಾರನಿದ್ದಾನೆ. ಪೂರ್ಣಚಿತ್ರದಲ್ಲಿ ಅವನಿಲ್ಲ, ನಾಯಿಯೊಂದೇ ಬಂಡಿಯತ್ತ ನೋಡುತ್ತಿದೆ. ನೀರಿನ ಮೇಲೆ, ಎಲೆಗಳ ಮೇಲೆ ಬಿಳಿಯ ಚುಕ್ಕೆಗಳು ಮಿನುಗುತ್ತವೆ. ಅವನ ಈ ಚುಕ್ಕೆಗಳನ್ನು ವಿಮರ್ಶಕರು ಹಿಮವೆಂದು ಹಾಸ್ಯ ಮಾಡುತ್ತಿದ್ದರು. ಇಬ್ಬನಿಯನ್ನು ಕಂಡ ಹಳ್ಳಿಯವನಿಗೆ ಅದು ಹಾಸ್ಯವೆನಿಸದು.

ಆ ಜಾಗವನ್ನು ಕಾಣದೆ ಹಿಂದಿರುಗಬಾರದೆಂದು ಒಂದು ದಿನ ಮ್ಯಾನಿಂಗ್‌ಟ್ರೀ ನಿಲ್ದಾಣದಲ್ಲಿ ಇಳಿದು, ಸ್ಟೂರ್ ಹೊಳೆಯ ದಂಡೆಯುದ್ದಕ್ಕೂ ನಡೆದು ಫ್ಲ್ಯಾಟ್‌ಫರ್ಡಿಗೆ ಹೋದೆ. ಗಿರಣಿಯೂ ಇದೆ, ಆ ರೈತನ ಮನೆಯೂ ಇದೆ. ಆ ಮನೆಯ ವಿಲ್ಲಿ ಲಾಟ್ ಎಂಬಾತ ಎಂಬತ್ತು ವರ್ಷಗಳಿಗೂ ಮೀರಿದ ತನ್ನ ಬಾಳಿನಲ್ಲಿ ಅದನ್ನು ಬಿಟ್ಟು ಹೊರಗಿದ್ದದ್ದು ನಾಲ್ಕೇ ದಿನವೆಂದು ಹೇಳುತ್ತಾರೆ. ಚಿತ್ರಕಾರನಾದರೋ ಆ ಹೊಳೆಯನ್ನು ಬರೆದದ್ದು ಲಂಡನ್ನಿನ ಮನೆಯಲ್ಲಿ ಕುಳಿತು, ಕರಡುಗಳ ಮತ್ತು ನೆನಪಿನ ಬಲದಿಂದ. ಇಬ್ಬರಲ್ಲಿ ಆ ನೀರನ್ನು ಹೆಚ್ಚು ನೋಡಿದವರು ಯಾರು ಎಂದು ನಾನು ದಂಡೆಯ ಮೇಲೆ ಬಹಳ ಹೊತ್ತು ಯೋಚಿಸಿದೆ.

ಮರಿಯಾಳನ್ನು ಅವನು ಏಳು ವರ್ಷ ಕಾದು 1816ರಲ್ಲಿ ಮದುವೆಯಾಗಿದ್ದ. ಏಳು ಮಕ್ಕಳ ತಾಯಿಯಾದ ಆಕೆ 1828ರ ನವೆಂಬರಿನಲ್ಲಿ ಕ್ಷಯದಿಂದ ತೀರಿಕೊಂಡಳು. ಕೆಲವೇ ತಿಂಗಳಲ್ಲಿ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯತ್ವ ಬಂತು, ಒಂದೇ ಮತದ ಅಂತರದಿಂದ. ಅದನ್ನು ಹೇಳಿಕೊಂಡು ಸಂತೋಷಪಡುವುದಕ್ಕೆ ಮನೆಯಲ್ಲಿ ಆಕೆ ಇರಲಿಲ್ಲ. ಆ ದಿನಗಳಲ್ಲಿ ಬರೆದ ಹ್ಯಾಡ್ಲಿ ಕೋಟೆಯ ದೊಡ್ಡ ಕರಡನ್ನು ಟೇಟ್ ಸಂಗ್ರಹಾಲಯದಲ್ಲಿ ನೋಡಿದೆ. ಮುರಿದ ಬುರುಜು, ಆಚೆ ಸಮುದ್ರ, ಹರಿದ ಮುಗಿಲು. ಬಣ್ಣವನ್ನು ಚಾಕುವಿನಿಂದ ಮೆತ್ತಿ ಕೆರೆದಂತಿದೆ. ಉಳಿದ ಚಿತ್ರಗಳ ಮುಂದೆ ನಾನು ಪೆನ್ಸಿಲ್ ಹಿಡಿದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಇದರ ಮುಂದೆ ಪುಸ್ತಕವನ್ನು ಚೀಲದಿಂದ ತೆಗೆಯಲಿಲ್ಲ. ಹ್ಯಾಂಪ್‌ಸ್ಟೆಡ್ಡಿನ ಸೇಂಟ್ ಜಾನ್ ಚರ್ಚಿನ ಆವರಣದಲ್ಲಿ ಗಂಡಹೆಂಡಿರ ಸಮಾಧಿ ಒಂದೇ ಕಡೆ ಇದೆ. ಊರಿಗೆ ಹೊರಡುವ ಮುನ್ನಾದಿನ ಹೋಗಿ ಬಂದೆ.

ಈಗ ಶಿವಮೊಗ್ಗೆಯ ಮನೆಯ ತಾರಸಿಯ ಮೇಲೆ ಕುಳಿತು ಬರೆಯುತ್ತೇನೆ. ಗುರುವಿನ ವಿಧಾನವನ್ನು ಇಲ್ಲಿ ಅಷ್ಟಿಷ್ಟು ತಿದ್ದಿಕೊಳ್ಳಬೇಕಾಯಿತು. ನಮ್ಮ ಕಡೆಯ ನೆಲವೇ ಕೆಂಪು. ಹಲಗೆಯ ಕಾವಿಯನ್ನು ಹಾಗೆಯೇ ಬಿಟ್ಟರೆ ಗದ್ದೆಯ ಬದು ಅರ್ಧ ಮುಗಿದಂತೆ. ಅವನ ಬೂದು ನಮ್ಮ ಮುಂಗಾರಿಗೆ ಮುಂಚಿನ ಮೋಡಕ್ಕೆ ತೀರ ತಣ್ಣಗಾಗುತ್ತದೆ. ನೇರಳೆಯನ್ನು ಸ್ವಲ್ಪ ಸೇರಿಸಬೇಕು. ಹೋದ ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಹೀಗೆಯೇ ಒಂದು ಮುಗಿಲನ್ನು ಮುಗಿಸಿ, ಹಲಗೆಯ ಬೆನ್ನಿಗೆ ತಾರೀಖು, ಮೂರೂವರೆ ಗಂಟೆ, ಗಾಳಿ ಪಡುವಣದಿಂದ ಎಂದು ಬರೆದೆ. ಪಕ್ಕದ ಮನೆಯ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು. ‘ಎತ್ತಿಬಿಡಿ ತಾಯಿ, ಸಂಜೆಗೆ ಬರುತ್ತದೆ’ ಎಂದು ಕೂಗಿ ಹೇಳಿದೆ. ಆಕೆ ತಲೆಯೆತ್ತಿ ನೋಡಿ, ‘ಎಲ್ಲಿ ರಾಯರೇ, ಇಷ್ಟು ಬಿಸಿಲಿದೆಯಲ್ಲ!’ ಎಂದರು. ಐದೂಕಾಲಕ್ಕೆ ಮೊದಲ ಹನಿಗಳು ಬಿದ್ದವು. ಒಳಗೆ ಹೋಗಿ, ಹಲಗೆಯ ಬೆನ್ನಿಗೆ ಅದನ್ನೂ ಬರೆದೆ.