ಬಲೆ ಬೀಸಲು ಕಲಿತ ಭಾನುವಾರ

ಗಂಗಾವತಿಯಿಂದ ಕಾರಟಗಿ ಕಡೆಗೆ ಹೊರಟ ಬಸ್ಸಿನಲ್ಲಿ ಕುಳಿತರೆ ಸಿದ್ದಾಪುರ ಬರುವವರೆಗೂ ಕಿಟಕಿಯಾಚೆ ಕಾಣುವುದು ಭತ್ತದ ಗದ್ದೆಗಳೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿಯುವ ಮುನ್ನ ಇದು ಮಳೆ ನಂಬಿದ ಜೋಳದ ಸೀಮೆ. ಸುಮಾರು 227 ಕಿ.ಮೀ. ಉದ್ದದ ಆ ಕಾಲುವೆ ನೀರಿನ ಜೊತೆ ಮೀನನ್ನೂ ತಂದಿತು. ಮೀನಿನ ಹಿಂದೆ ನಮ್ಮ ಹುಡುಗರೂ ಹೋದರು.

ಎಂಟನೇ ತರಗತಿಯ ಒಬ್ಬ ಹುಡುಗ ಪ್ರತಿ ಶನಿವಾರ ಗೈರುಹಾಜರಾಗುತ್ತಿದ್ದ. ಕೇಳಿದರೆ, ‘ಗಾಳಕ್ಕ ಹಾಕಾಕ ಜೀವಂತ ಮೀನ ಹಿಡ್ಯಾಕ ಹೋಗಿದ್ನಿರಿ ಸರ’ ಎಂದ. ಬೈಯುವ ಮೊದಲು ನೋಡಿಬಿಡೋಣ ಅನ್ನಿಸಿತು. ಮರುದಿನ ಭಾನುವಾರ, ಬೆಳಕು ಹರಿಯುವ ಹೊತ್ತಿಗೆ ಅವನೊಂದಿಗೆ ಅವನ ಅಜ್ಜನ ಹಿಂದೆ ತುಂಗಭದ್ರೆಯ ದಂಡೆಗೆ ಇಳಿದೆ.

ಅಜ್ಜನ ಹೆಗಲ ಮೇಲೆ ಬೀಸುಬಲೆ. ಹರಡಿದರೆ ದುಂಡಗೆ, ನಡುವಿಗೊಂದು ಹಗ್ಗ, ಅಂಚಿನ ಸುತ್ತ ಸೀಸದ ಗುಂಡುಗಳು. ಬಲೆಯ ಒಂದು ಪಾಲನ್ನು ಎಡ ಮೊಣಕೈ ಮೇಲೆ ಹಾಕಿಕೊಂಡು, ಉಳಿದದ್ದನ್ನು ಬಲಗೈಯಲ್ಲಿ ಹಿಡಿದು, ಅಂಚಿನ ಒಂದು ಗುಂಡನ್ನು ಹಲ್ಲಲ್ಲಿ ಕಚ್ಚಬೇಕಂತೆ. ‘ಈಗ ಹಲ್ಲೆಲ್ಲಿ ಅದಾವ್ರೀ?’ ಎಂದು ನಕ್ಕು ಅಜ್ಜ ಆ ಅಂಚನ್ನು ಹೆಗಲಿಗೇ ಸಿಕ್ಕಿಸಿಕೊಂಡರು. ಸೊಂಟ ಒಮ್ಮೆ ತಿರುಗಿತು. ಬಲೆ ಗಾಳಿಯಲ್ಲಿ ಜೋಳದ ರೊಟ್ಟಿಯಂತೆ ಅಗಲವಾಗಿ ಬಿಚ್ಚಿ, ನೀರಿಗೆ ಸದ್ದಿಲ್ಲದೆ ಬಿತ್ತು. ನಾನು ಪಾಠದಲ್ಲಿ ಹೇಳುವ ಜಡತ್ವ ಅಲ್ಲಿತ್ತು: ತಿರುಗುವ ಪ್ರತಿ ಗುಂಡೂ ನೇರವಾಗಿ ಹೊರಗೆ ಓಡಲು ನೋಡುತ್ತದೆ, ದಾರ ಹಿಡಿದು ನಿಲ್ಲಿಸುತ್ತದೆ, ನಡುವೆ ಬಲೆ ಅರಳುತ್ತದೆ. ನಾನು ಬೀಸಿದ್ದು ಮಾತ್ರ ಒದ್ದೆ ಟವೆಲಿನಂತೆ ಮುದ್ದೆಯಾಗಿ ಬಿತ್ತು. ‘ಬಲಿ ಒಗಿಯೂದಲ್ರೀ ಸರ, ಹಾಸೂದು’ ಎಂದರು ಅಜ್ಜ. ಹುಡುಗ ಮುಖ ತಿರುಗಿಸಿ ನಗುತ್ತಿದ್ದ.

ಗಾಳದ ಮೀನಿಗೆ ಬಲೆಯ ಕಣ್ಣು ಸಣ್ಣದಿರಬೇಕು. ಕಣ್ಣು ದೊಡ್ಡದಾದರೆ ಮೀನು ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಪಲ್ಯಕ್ಕಾದರೆ ಚಿಂತೆಯಿಲ್ಲ, ಜೀವಂತ ಬೇಕೆಂದರೆ ಆಗದು. ಬೆರಳುದ್ದದ ಬಿಳಿ ಮೀನುಗಳನ್ನು ಅಜ್ಜ ಕೈ ಒದ್ದೆ ಮಾಡಿಕೊಂಡೇ ಮುಟ್ಟಿದರು. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಹೆಚ್ಚು ಲವಣ ಇರುವುದರಿಂದ ನೀರು ಸದಾ ಒಳನುಗ್ಗಲು ನೋಡುತ್ತದೆ. ಅದಕ್ಕೆ ಲೋಳೆ, ಹುರುಪೆಗಳೇ ತಡೆ.

ಅಗಲ ಬಾಯಿಯ ಪಾತ್ರೆಗೆ ಮೀನು ಬಿಟ್ಟು, ಅದನ್ನು ಜಾಲಿಯ ನೆರಳಿಗಿಟ್ಟು, ಮತ್ತೆ ಮತ್ತೆ ಹೊಳೆಯ ಹೊಸ ನೀರು ಸುರಿದರು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಿಸಿಲಿನಲ್ಲಿ ಕೊಡ ತುಂಬ ಮೀನು ಇಟ್ಟುಕೊಂಡವನಿಗೆ ಸಂಜೆಗೆ ಒಂದೂ ಉಳಿಯುವುದಿಲ್ಲ. ಅಜ್ಜ ಹತ್ತಿಪ್ಪತ್ತು ಇಟ್ಟುಕೊಂಡು ಉಳಿದವನ್ನು ಹೊಳೆಗೇ ಬಿಟ್ಟರು.

ಇಷ್ಟೆಲ್ಲ ಕೊರಮೀನಿಗಾಗಿ. ಜಂಡಿನ ಮರೆಯಲ್ಲಿ ಹೊಂಚುವ ಈ ಬೇಟೆಗಾರನಿಗೆ ಅಲುಗಾಡುವ ತಿಂಡಿಯೇ ಬೇಕು. ಬೆನ್ನಿನ ರೆಕ್ಕೆಯ ಕೆಳಗೆ ಮೇಲುಮೇಲೆ ಗಾಳ ಚುಚ್ಚಿದರೆ ಸಣ್ಣ ಮೀನು ಈಜುತ್ತಲೇ ಇರುತ್ತದೆ. ಕೊರಮೀನು ಗಾಳಿಯನ್ನೂ ಉಸಿರಾಡುವುದರಿಂದ ಆಗಾಗ ಮೇಲೆ ಬಂದು ಬಾಯಿ ತೆರೆಯುತ್ತದೆ; ಆ ಗುಳ್ಳೆ ನೋಡಿಯೇ ಅಜ್ಜ ಜಾಗ ಹೇಳುತ್ತಾರೆ. ಕಡಲಲ್ಲೂ ಇದೇ ಲೆಕ್ಕ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಟ್ಯೂನಾ ಹಿಡಿಯುವವರು ಮೊದಲು ದ್ವೀಪದೊಳಗಿನ ತಿಳಿನೀರಿನಲ್ಲಿ ಬಲೆಯಿಂದ ಸಣ್ಣ ಮೀನು ಹಿಡಿದು, ಕಡಲ ನೀರು ಹರಿದಾಡುವ ದೋಣಿಯ ತೊಟ್ಟಿಯಲ್ಲಿ ಜೀವಂತ ಒಯ್ಯುತ್ತಾರೆ. ಟ್ಯೂನಾ ಹಿಂಡು ಕಂಡೊಡನೆ ಅವನ್ನು ಎರಚಿ, ಉದ್ದ ಕೋಲಿನ ಗಾಳದಿಂದ ಒಂದೊಂದೇ ಎತ್ತಿ ಹಾಕುತ್ತಾರೆ.

ಹಿಂತಿರುಗುವಾಗ ಹುಡುಗನ ಮುಂಗೈ ಮೇಲೊಂದು ಕಂದು ಗೀರು ಕಂಡಿತು. ಅಜ್ಜನೂ ನೋಡಿದರು. ‘ಎಲ್ಲಿ ಬೀಸಿದ್ದೀ?’ ಬಹಳ ಹೊತ್ತಿನ ಮೇಲೆ ಉತ್ತರ ಬಂತು: ‘ಕಾಲುವಿ ಒಳಗ.’ ಹಗ್ಗದ ಕುಣಿಕೆಯನ್ನು ಕೈಗೆ ಬಿಗಿದುಕೊಂಡು ತುಂಬಿದ ಕಾಲುವೆಗೆ ಬಲೆ ಬಿಟ್ಟಿದ್ದಾನೆ. ಹರಿವಿಗೆ ಸಿಕ್ಕ ಬಲೆ ಇವನನ್ನೇ ಎಳೆದಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಅಂಗಿ ಹಿಡಿದು ನಿಲ್ಲಿಸಿದರಂತೆ.

ನೀರಿನ ವೇಗ ಎರಡು ಪಟ್ಟಾದರೆ ಬಿಚ್ಚಿದ ಬಲೆಯ ಮೇಲಿನ ಎಳೆತ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಕಾಲುವೆಯ ಇಳಿಜಾರು ಸಿಮೆಂಟಿನ ಮೇಲೆ ಪಾಚಿ. ಬಿದ್ದವನಿಗೆ ಹಿಡಿಯಲು ಗರಿಕೆಯೂ ಸಿಗದು, ಈಜು ಬಂದರೂ ಹತ್ತಲಾಗದು. ಇದನ್ನು ತರಗತಿಯಲ್ಲಿ ನಾನು ಒಮ್ಮೆಯೂ ಹೇಳಿರಲಿಲ್ಲ. ವೇಗ, ಬಲ, ಘರ್ಷಣೆ ಎಂದು ಹಲಗೆ ತುಂಬ ಬರೆಸಿದ್ದೆ.

ಅಜ್ಜ ಬೈಯಲಿಲ್ಲ. ದಂಡೆಯಲ್ಲೇ ಕುಳಿತು, ಹರಿವು ಇರುವ ಕಡೆ ಹಗ್ಗವನ್ನು ಕೈಗೆ ಕಟ್ಟದೆ ಬೆರಳಲ್ಲಷ್ಟೇ ಹಿಡಿಯುವುದನ್ನು ಮೊಮ್ಮಗನಿಂದ ಹತ್ತು ಸಲ ಮಾಡಿಸಿದರು. ‘ಬಲಿ ಹೋದ್ರ ಹೆಣಕೋಬಹುದು’ ಎಂದಷ್ಟೇ ಅಂದರು. ಮನೆಗೆ ಬಂದು ಬಲೆಯನ್ನು ಹುಡುಗನ ಕೈಗೆಟುಕದ ಜಂತಿಗೆ ನೇತುಹಾಕಿದರು. ಈಗ ಅದು ಭಾನುವಾರ ಮಾತ್ರ ಇಳಿಯುತ್ತದೆ, ಅದೂ ಅಜ್ಜನ ಜೊತೆ ಹೊಳೆಗೆ. ಶನಿವಾರ ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ‘ಬಂದೀನ್ರಿ ಸರ’ ಎಂಬ ದನಿ ಕೇಳುತ್ತದೆ.