ಗಂಟೆ ಲೆಕ್ಕದ ದಾರಿಗಳು

ಮೈಸೂರಿನ ಹೈದರಾಲಿ ರಸ್ತೆಯಲ್ಲಿದ್ದ 40 ಮರಗಳನ್ನು 2025ರ ಏಪ್ರಿಲ್‌ನಲ್ಲಿ ಉರುಳಿಸಿದರು. ರಸ್ತೆ ಅಗಲ ಮಾಡಬೇಕಿತ್ತಂತೆ. ಜನ ಬೀದಿಗೆ ಬಂದರು, ಪ್ರತಿಭಟಿಸಿದರು, ಪತ್ರಿಕೆಗಳಲ್ಲಿ ಬಂತು. ಕಡಿದ ಮರ ಮಾತ್ರ ಎದ್ದು ನಿಲ್ಲಲಿಲ್ಲ. ಅದೇ ಬೇಸಗೆಯಲ್ಲಿ ಪಕ್ಕದ ಮನೆಯ ಹುಡುಗ, ಇಂಜಿನಿಯರಿಂಗ್ ಓದುವವನು, ಹೊಸ ಗೇರ್ ಸೈಕಲ್ ಕೊಂಡ. ಗೇಟಿನ ಹತ್ತಿರ ನಿಂತು ಕೇಳಿದ: “ಅಂಕಲ್, ಕಾರಂಜಿ ಕೆರೆ ಸುತ್ತಮುತ್ತ ಸೈಕಲ್‌ಗೆ ಚೆನ್ನಾಗಿರೋ ರೂಟ್ ಯಾವುದು? ನೀವು ಹಳಬರು, ನಿಮಗೆ ಗೊತ್ತಿರುತ್ತೆ.”

ಗೊತ್ತಿಲ್ಲದೆ ಏನು? ಆದರೆ ನನಗೆ ಗೊತ್ತಿರುವ ದಾರಿಗಳನ್ನು ಅವನ ಫೋನಿನ ನಕ್ಷೆಗೆ ಹಾಕಲಾಗುವುದಿಲ್ಲ. ಅವು ಕಿಲೋಮೀಟರಿನ ಲೆಕ್ಕದವಲ್ಲ, ಬಾಡಿಗೆಯ ಲೆಕ್ಕದವು.

ಎಪ್ಪತ್ತರ ದಶಕದಲ್ಲಿ ನಜರ್‌ಬಾದಿನ ನಮ್ಮ ಬೀದಿಯ ತಿರುವಿನಲ್ಲಿ ಒಂದು ಸೈಕಲ್ ಶಾಪ್ ಇತ್ತು. ಶಾಪ್ ಅಂದರೆ ಮುಂದೊಂದು ತಗಡಿನ ಇಳಿಜಾರು, ಒಳಗೆ ಎರಡಾಳು ನಿಲ್ಲುವಷ್ಟು ಜಾಗ, ಗೋಡೆಗೆ ನೇತುಹಾಕಿದ ಹಳೇ ಟೈರುಗಳು. ಯಜಮಾನರನ್ನು ಎಲ್ಲರೂ ಸಾಬರು ಎನ್ನುತ್ತಿದ್ದರು, ನಾವೂ ಹಾಗೇ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದ ಹತ್ತಿಪ್ಪತ್ತು ಸೈಕಲ್‌ಗಳು ಅವರ ಆಸ್ತಿ. ಗಂಟೆಗೆ ನಾಲ್ಕಾಣೆ. ಪೈಸೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಬಾಯಲ್ಲಿ ಆಣೆಯೇ. ಸ್ಲೇಟಿನ ಮೇಲೆ ಸೈಕಲ್ ನಂಬರು, ಹೊರಟ ಹೊತ್ತು, ಅದರ ಮುಂದೆ ನಮ್ಮ ಅಪ್ಪನ ಹೆಸರು. ನಮ್ಮ ಹೆಸರು ಅವರಿಗೆ ಬೇಕಿರಲಿಲ್ಲ.

ಶಾಪಿನ ಗಡಿಯಾರ ಯಾವಾಗಲೂ ಮುಂದೆ ಓಡುತ್ತಿತ್ತು. “ಸಾಬ್ರೇ, ಇನ್ನೂ ಐದು ನಿಮಿಷ ಇದೆ” ಅಂದರೆ ಗಡಿಯಾರದ ಕಡೆಗೆ ಬೆರಳು ತೋರಿಸಿ, “ಅದನ್ನೇ ಕೇಳು ಮರಿ” ಎನ್ನುತ್ತಿದ್ದರು. ಆ ಗಡಿಯಾರವನ್ನು ಸೋಲಿಸಿದವರನ್ನು ನಾನು ನೋಡಿಲ್ಲ.

ಆ ಶಾಪಿನ ವಾಸನೆ ಈಗಲೂ ಮೂಗಿನಲ್ಲಿದೆ. ಪಂಚರ್ ಹಾಕುವಾಗ ಟ್ಯೂಬಿಗೆ ಗಾಳಿ ತುಂಬಿ, ಕೊಳೆನೀರಿನ ಬೋಗುಣಿಯಲ್ಲಿ ಮುಳುಗಿಸಿ, ಸುತ್ತ ತಿರುಗಿಸುತ್ತಾ ಗುಳ್ಳೆ ಎದ್ದ ಕಡೆ ಹೆಬ್ಬೆಟ್ಟು ಒತ್ತಿ ಹಿಡಿಯುತ್ತಿದ್ದರು. ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಸವರಿ ಬಾಯಿಂದ ಊದುತ್ತಿದ್ದರು. ತಲೆ ತಿರುಗಿಸುವಂಥ ಸಿಹಿ ವಾಸನೆ ಅದು. ಅದಕ್ಕೆ ಬೇರಿಂಗ್ ತೊಳೆಯುವ ಸೀಮೆಎಣ್ಣೆ ಸೇರಿಕೊಳ್ಳುತ್ತಿತ್ತು; ಗಾಳಿ ತಿರುಗಿದರೆ ಝೂ ಕಡೆಯ ಪ್ರಾಣಿಗಳದ್ದೂ. ಪ್ಯಾಚ್ ಅಂಟಿಸುವ ಮುನ್ನ ಸಲ್ಯೂಷನ್ ಒಣಗಲು ಬಿಡಬೇಕು. ಆ ಹೊತ್ತಿನಲ್ಲಿ ಸಾಬರು ಬೀಡಿ ಹಚ್ಚುತ್ತಿರಲಿಲ್ಲ, ಎದ್ದು ರಸ್ತೆಯಾಚೆ ಹೋಗಿ ಹಚ್ಚುತ್ತಿದ್ದರು. ಬೀಡಿ ಮುಗಿಯುವ ಹೊತ್ತಿಗೆ ಸಲ್ಯೂಷನ್ ಹದಕ್ಕೆ ಬಂದಿರುತ್ತಿತ್ತು.

ಒಂದು ಗಂಟೆಯ ಬಾಡಿಗೆಗೆ ಒಂದು ದಾರಿ. ಇಟ್ಟಿಗೆಗೂಡು ಬಡಾವಣೆಯ ಮೇಲೆ ಝೂ ಗೋಡೆ ಹಿಡಿದು ಹೊರಟರೆ ಒಳಗಿನ ಸಿಂಹ ಕೂಗುವುದು ಕೇಳುತ್ತಿತ್ತು. ಚಾಮರಾಜೇಂದ್ರ ಒಡೆಯರು 1892ರಲ್ಲಿ ಶುರುಮಾಡಿದ ಝೂ ಅದು. ಟಿಕೆಟ್ಟಿಗೆ ಕಾಸಿಲ್ಲದ ನಮಗೆ ಗೋಡೆಯಾಚೆಯ ಕೂಗೇ ಸಾಕಿತ್ತು. ಅಲ್ಲಿಂದ ಕಾರಂಜಿ ಕೆರೆ ಏರಿ. ಏರಿಯ ಮೇಲೆ ಸೈಕಲ್ ಒರಗಿಸಿ ನಿಂತರೆ ಒಂದು ಪಕ್ಕ ನೀರು, ನೀರಿನಾಚೆ ಬೆಟ್ಟ. ಎರಡು ಗಂಟೆಗೆ ಹಿಡಿದರೆ ಲಲಿತಮಹಲ್ ರಸ್ತೆ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಉಳಿದುಕೊಳ್ಳಲೆಂದು 1921ರಲ್ಲಿ ಅಡಿಗಲ್ಲು ಹಾಕಿಸಿದ ಆ ಅರಮನೆ 1974ರಲ್ಲಿ ಹೋಟೆಲಾಯಿತು; ಗೇಟಿನಲ್ಲಿ ಇಣುಕುವ ನಮ್ಮ ಪಾಲಿಗೆ ಮಾತ್ರ ಏನೂ ಬದಲಾಗಲಿಲ್ಲ. ವಾಪಸು ಬರುವಾಗ ರಸ್ತೆ ಸಣ್ಣಗೆ ಇಳಿಜಾರು, ಪೆಡಲು ತುಳಿಯದೆ ಬರಬಹುದಿತ್ತು.

ಇಡೀ ದಿನದ ಬಾಡಿಗೆಗೆ ಕೆಆರ್‌ಎಸ್. ಅಷ್ಟು ದೂರ ತುಳಿದುಕೊಂಡು ಹೋಗಿ ಬೃಂದಾವನದ ದೀಪ ನೋಡದೆ ಬಂದವರು ನಾವು. ದೀಪ ಹತ್ತುವುದು ಕತ್ತಲಾದ ಮೇಲೆ, ಶಾಪ್ ಮುಚ್ಚುವುದೂ ಕತ್ತಲಾದ ಮೇಲೆ. ಮೇಲಾಗಿ ಲೈಟಿಲ್ಲದ ಸೈಕಲ್ ಸಿಕ್ಕರೆ ಪೊಲೀಸಿನವರು ಚಕ್ರದ ಗಾಳಿ ಬಿಡುತ್ತಿದ್ದರು. ಮಧ್ಯಾಹ್ನದ ಬಿಸಿಲಲ್ಲಿ, ಕಾರಂಜಿಗಳೂ ನಿಂತಿರುವಾಗ ಬೃಂದಾವನ ಹೇಗಿರುತ್ತದೆಂದು ನಮ್ಮಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಾರದು.

ಬೆಟ್ಟಕ್ಕೆ ಮಾತ್ರ ಸಾಬರು ಸೈಕಲ್ ಕೊಡುತ್ತಿರಲಿಲ್ಲ. ಕಡ್ಡಿ ಬ್ರೇಕಿನ ಹಳೇ ಸೈಕಲ್‌ಗಳು. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಬ್ರೇಕ್ ಹಿಡಿಯದಿದ್ದರೆ ಹುಡುಗ ಸೀದಾ ಕಣಿವೆಗೆ. ಒಂದು ದಸರಾ ರಜೆಯಲ್ಲಿ ನಾನೂ ನನ್ನ ಸ್ನೇಹಿತನೂ ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ ನಿಂತೆವು.

“ಎಲ್ಲಿಗೆ ಮರಿ?”

“ವರುಣಾ ಕೆರೆಗೆ, ಸಾಬ್ರೇ.”

“ವರುಣಾಕ್ಕೆ ಹೋಗೋನು ಬ್ರೇಕ್ ಯಾಕೋ ಹಿಡಿದು ನೋಡ್ತೀಯ?”

ಸಿಕ್ಕಿಬಿದ್ದ ಮೇಲೆ ಚೌಕಾಸಿ ಶುರುವಾಯಿತು. ಹೊಸ ಬ್ರೇಕ್ ಶೂ ಹಾಕಿಕೊಡುತ್ತೇನೆ, ಅದಕ್ಕೆ ಎಂಟಾಣೆ ಜಾಸ್ತಿ ಎಂದರು. ನಮ್ಮ ಹತ್ತಿರ ಇದ್ದದ್ದೇ ದಿನದ ಬಾಡಿಗೆ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಶೂ ದುಡ್ಡು ಬೇಡ. ಹತ್ತುವಾಗ ತಳ್ಳಿಕೊಂಡು ಹೋಗಿ, ಇಳಿಯುವಾಗಲೂ ತಳ್ಳಿಕೊಂಡೇ ಬನ್ನಿ. ಕೂತು ಇಳಿದಿರೋ, ಎಂಟಾಣೆ. ನೋಡುವುದಕ್ಕೆ ಸಾಬರೇನು ಬೆಟ್ಟಕ್ಕೆ ಬರುತ್ತಾರೆಯೇ ಎಂದು ನಾವು ಒಪ್ಪಿಕೊಂಡೆವು.

ತಳ್ಳಿಕೊಂಡು ಹತ್ತಿದ್ದರಿಂದಲೇ ಆ ದಾರಿ ಪೂರ್ತಿ ಕಣ್ಣಿಗೆ ಬಿತ್ತು. ಒಂದು ತಿರುವಿಗೆ ಲಲಿತಮಹಲಿನ ಬಿಳಿ ಗುಮ್ಮಟ, ಇನ್ನೊಂದಕ್ಕೆ ರೇಸ್‌ಕೋರ್ಸಿನ ಹಸಿರು ಸುತ್ತು, ಆಮೇಲೆ ಕಾರಂಜಿ ಕೆರೆ, ದೂರದಲ್ಲಿ ಅರಮನೆ. ದೊಡ್ಡ ದೇವರಾಜ ಒಡೆಯರ ಕಾಲದ, 1659ರ ನಂದಿಯ ಹತ್ತಿರ ಕೂತು ಮನೆಯಿಂದ ತಂದ ಅವಲಕ್ಕಿ ತಿಂದೆವು. ಇಳಿಯುವಾಗ ಮೊದಲ ತಿರುವಿನವರೆಗೆ ಮಾತು ಉಳಿಸಿಕೊಂಡೆವು. ಆಮೇಲೆ ಏರಿ ಕೂತೆವು. ಕಿವಿಯಲ್ಲಿ ಗಾಳಿ, ಕಣ್ಣಲ್ಲಿ ನೀರು, ಕೈ ಬ್ರೇಕಿಗೆ ಅಂಟಿದಂತೆ.

ಸಾಯಂಕಾಲ ಸೈಕಲ್ ಒಪ್ಪಿಸಿದಾಗ ಸಾಬರು ಏನೂ ಕೇಳಲಿಲ್ಲ. ಕುಕ್ಕರಗಾಲಲ್ಲಿ ಕೂತು ಹಿಂದಿನ ಬ್ರೇಕ್ ಶೂ ಮೇಲೆ ಹೆಬ್ಬೆಟ್ಟು ಉಜ್ಜಿದರು, ಮೂಗಿನ ಹತ್ತಿರ ಹಿಡಿದರು. ರಿಮ್ಮಿನ ಅಂಚಿಗೆ ಕರಿ ಪುಡಿ ಅಂಟಿತ್ತು. “ಎಂಟಾಣೆ,” ಅಂದರು. ಅದನ್ನು ಎರಡು ಕಂತಿನಲ್ಲಿ ತೀರಿಸಿದೆವು.

ಈಗಿನ ಹುಡುಗರಿಗೆ ಇದನ್ನೆಲ್ಲ ಹೇಳುವಾಗ ಆ ಕಾಲವೇ ಚೆನ್ನಾಗಿತ್ತು ಎಂದುಬಿಡುವುದು ಸುಲಭ. ಆದರೆ ಅದೇ ಕಾರಂಜಿ ಕೆರೆಗೆ ಮುಂದೆ ಊರಿನ ಕೊಚ್ಚೆ ಹರಿದು, ಏರಿಯ ಮೇಲೆ ಮೂಗು ಮುಚ್ಚಿಕೊಂಡು ಹೋಗುವ ಕಾಲವೂ ಬಂದಿತ್ತು. ಕೆರೆ 1976ರಲ್ಲಿ ಝೂ ವಶಕ್ಕೆ ಬಂತು. ಆ ಮೇಲೆ ಹೂಳು ತೆಗೆದು, ಪಾರ್ಕು ಮಾಡಿ, ಚಿಟ್ಟೆಗಳಿಗೊಂದು ದ್ವೀಪ, ಹಕ್ಕಿಗಳಿಗೆ ಜನ ಒಳಗೇ ನಡೆದುಹೋಗುವಂಥ ದೊಡ್ಡ ಪಂಜರ ಕಟ್ಟುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿತ್ತು. ಇವತ್ತು ಆ ನೀರಿನಲ್ಲಿ ಹೆಜ್ಜಾರ್ಲೆ ಕಾಣುತ್ತದೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು, ಸೈಕಲ್ ಗೇಟಿನಾಚೆ ನಿಲ್ಲಬೇಕು ಎಂಬ ಸಿಟ್ಟು ನನಗಿದೆ. ಆದರೂ ಕೆರೆ ಉಳಿದಿದೆ.

ಬೆಟ್ಟದ ಮಾತು ಬೇರೆ. 2021ರ ಮಳೆಗೆ ನಂದಿ ಕಡೆಯ ರಸ್ತೆ ಕುಸಿದು ವಾಹನ ನಿಲ್ಲಿಸಿದರು. ಮೇಲೆ ಅಷ್ಟೊಂದು ಕಟ್ಟಡ, ಅಷ್ಟೊಂದು ಕಾರು ಬೇಡ ಎಂದು ಊರಿನವರು ಬಹಳ ದಿನದಿಂದ ಹೇಳುತ್ತಲೇ ಇದ್ದಾರೆ. ಕೇಳುವವರು ದರ್ಶನಕ್ಕೆ ಕಾರಿನಲ್ಲೇ ಬರುತ್ತಾರೆ. ಭಾನುವಾರ ಬೆಳಗ್ಗೆ ಲಲಿತಮಹಲ್ ರಸ್ತೆಯಲ್ಲಿ ನಿಂತು ನೋಡಿ: ಕಾರಿನ ಹಿಂದೆ ಕಟ್ಟಿಕೊಂಡು ಬಂದ ಸೈಕಲ್‌ಗಳನ್ನು ಇಳಿಸಿ, ಹೆಲ್ಮೆಟ್ಟು ಕೈಗವಸು ಹಾಕಿ, ಬೆಟ್ಟ ಹತ್ತಿ, ಫೋಟೋ ತೆಗೆದು, ಮತ್ತೆ ಕಾರಿಗೆ ಕಟ್ಟಿಕೊಂಡು ಹೋಗುತ್ತಾರೆ. ಒಂದೊಂದು ಸೈಕಲ್ಲಿನ ಬೆಲೆಗೆ ಸಾಬರ ಇಡೀ ಶಾಪ್ ಬರುತ್ತಿತ್ತು. ಅವರು ತುಳಿಯುವುದು ತಪ್ಪೆಂದಲ್ಲ. ವರುಣಾ ಕಡೆಯಿಂದ ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವನು ರಿಂಗ್ ರೋಡ್ ದಾಟಲು ಲಾರಿಗಳ ಮುಂದೆ ಜೀವ ಕೈಲಿ ಹಿಡಿದು ನಿಂತಿರುತ್ತಾನಲ್ಲ, ಅವನೂ ಸೈಕಲ್ಲಿನವನೇ ಎಂಬುದು ರಸ್ತೆ ಮಾಡುವವರಿಗೂ ಹೊಳೆಯುವುದಿಲ್ಲ, ಈ ಭಾನುವಾರದವರಿಗೂ ಹೊಳೆಯುವುದಿಲ್ಲ. ಅವನ ರೂಟನ್ನು ಯಾರೂ ನಕ್ಷೆಗೆ ಹಾಕುವುದಿಲ್ಲ.

ಸಾಬರ ಶಾಪ್ ಯಾರೋ ಕೆಡವಿದ್ದರಿಂದ ಹೋದದ್ದಲ್ಲ. ಲೂನಾ ಬಂತು, ಟಿವಿಎಸ್ ಬಂತು, ಆಮೇಲೆ ಸ್ಕೂಟರಿಗೆ ಕಂತಿನ ಸಾಲ ಬಂತು. ಮನೆಗೊಂದು ಗಾಡಿ ನಿಂತ ಮೇಲೆ ಗಂಟೆ ಬಾಡಿಗೆಗೆ ಬರುವವರು ಬಡವರು ಮಾತ್ರ, ಅವರಿಗೂ ಬಸ್ ಇತ್ತು. ಸಾಬರು ಸೈಕಲ್‌ಗಳನ್ನು ಒಂದೊಂದಾಗಿ ತೂಕಕ್ಕೆ ಹಾಕಿದರು. ಈಗ ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ.

2017ರಲ್ಲಿ ಮೈಸೂರಿಗೆ ‘ಟ್ರಿಣ್ ಟ್ರಿಣ್’ ಬಂತು. ಊರಲ್ಲಿ ಅಲ್ಲಲ್ಲಿ ನಿಲ್ದಾಣ, ಕಾರ್ಡ್ ತೋರಿಸಿ ಸೈಕಲ್ ಬಿಡಿಸಿಕೊಂಡು ಇನ್ನೊಂದು ನಿಲ್ದಾಣದಲ್ಲಿ ಬಿಡುವ ಏರ್ಪಾಡು. ಸ್ಲೇಟೂ ಇಲ್ಲ, ಅಪ್ಪನ ಹೆಸರೂ ಬೇಕಿಲ್ಲ. ನಾನು ಮೂಗು ಮುರಿದೆ. ನನ್ನ ತಂಗಿ ಮೊದಲ ತಿಂಗಳಲ್ಲೇ ಕಾರ್ಡ್ ಮಾಡಿಸಿಕೊಂಡಳು. ಐವತ್ತು ದಾಟಿದ ಹೆಂಗಸು, ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಇಟ್ಟಿಗೆಗೂಡಿನಲ್ಲಿ ಬೆಲ್ ಹೊಡೆಯುತ್ತಾ ಹೋದದ್ದನ್ನು ಕಂಡವರು ನನಗೆ ಫೋನ್ ಮಾಡಿ ಹೇಳಿದರು.

ಚಿಕ್ಕವಳಿದ್ದಾಗ ಅವಳೂ ಒಮ್ಮೆ ನಾಲ್ಕಾಣೆ ಹಿಡಿದು ಸಾಬರ ಮುಂದೆ ನಿಂತಿದ್ದಳು. “ಹೆಣ್ಮಕ್ಳಿಗೆ ಕೊಡಲ್ಲಮ್ಮ, ಬಿದ್ರೆ ನಿಮ್ಮಪ್ಪನಿಗೆ ನಾನು ಏನ್ ಹೇಳ್ಲಿ?” ಎಂದು ಅವರು ವಾಪಸು ಕಳಿಸಿದ್ದರು. ಗುರುತು ಪರಿಚಯ ಇಲ್ಲದ ಎಷ್ಟೋ ಹುಡುಗರನ್ನೂ ಹಾಗೇ ಕಳಿಸಿದ್ದು ನಾನು ಕಣ್ಣಾರೆ ಕಂಡದ್ದು. ಜಾಮೀನಿಗೆ ಹೇಳಲು ಆ ಹುಡುಗರಿಗೆ ಅಪ್ಪನ ಹೆಸರಿದ್ದರೂ ಆ ಹೆಸರು ಶಾಪಿನಲ್ಲಿ ನಡೆಯುತ್ತಿರಲಿಲ್ಲ. ಆ ದಾರಿಗಳೆಲ್ಲ ಇದ್ದದ್ದು ಅಪ್ಪನ ಹೆಸರು ನಡೆಯುವ ನಮ್ಮಂಥ ಗಂಡುಹುಡುಗರಿಗೆ.

ಈ ಲೇಖನದ ಮೊದಲರ್ಧವನ್ನು ತಂಗಿಗೆ ಓದಿ ಹೇಳಿದೆ. ಬ್ರೇಕ್ ಶೂ ಮೂಸಿ ನೋಡಿದ್ದು ಕೇಳಿ ಜೋರಾಗಿ ನಕ್ಕಳು. ಆಮೇಲೆ ಅಂದಳು: “ಚೆನ್ನಾಗಿದೆ ಕಣಣ್ಣ. ನಂದೂ ನಾಲ್ಕಾಣೆನೇ ಆಗಿತ್ತು ಅನ್ನೋದನ್ನೂ ಬರಿ.”